ಮಂಗಳೂರಿನ ಸ್ಟೇಟ್‌ಬ್ಯಾಂಕ್ ಹತ್ತಿರದ ಸಜ್ಜಿಗೆ-ಬಜಿಲ್ ಹೋಟೆಲ್ ಮುಚ್ಚಿದ್ದು ಯಾವಾಗ ಮಾರಾಯ್ರೆ?

ಸುರತ್ಕಲ್‌ನವ:

ಪೇಟೆಗೆ ಹೋಗುವುದೇ ಕಮ್ಮಿ ಆಗಿದೆ. ಮೊನ್ನೆ ಹೋದಾಗ ನೋಡಿದರೆ ಹೋಟೆಲ್ ಇದ್ದ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ. ನೆಹರೂ ಮೈದಾನದ ಕಡೆಯಿಂದ ಸರ್ವಿಸ್ ಬಸ್ ನಿಲ್ದಾಣಕ್ಕೆ ಬರುವಾಗ ಸಿಗುತ್ತಿತ್ತಲ್ಲ, ಹಂಚಿನ ಮಾಡು, ಒಳಗೆ ಬಿಳಿ ಕಲ್ಲಿನ ಟೇಬಲ್, ಅದೇ. ಹೆಸರು ಬರೆಯುವುದಿಲ್ಲ, ಮನೆಯವರು ಊರಲ್ಲೇ ಇದ್ದಾರೆ. ಗೊತ್ತಿದ್ದವರಿಗೆ ಇಷ್ಟೇ ಸಾಕು.

ಹಂಪನಕಟ್ಟೆ ಯೂನಿವರ್ಸಿಟಿ ಕಾಲೇಜಿನಲ್ಲಿ ಬಿ.ಕಾಂ. ಮಾಡುವಾಗ ನಾನು ಕ್ಲಾಸಿಗಿಂತ ಜಾಸ್ತಿ ಕೂತದ್ದು ಅಲ್ಲಿ. ಒಂದು ಪ್ಲೇಟ್ ಸಜ್ಜಿಗೆ-ಬಜಿಲ್ (ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ), ಚಾ ಬೈಟು, ಸುತ್ತ ನಾಲ್ಕು ಜನ. ಏಳಿ ಎಂದವರೇ ಇಲ್ಲ. ಮೈದಾನದಲ್ಲಿ ಡೇರೆ ಮೇಳದ ಯಕ್ಷಗಾನ ಆಟ ಇದ್ದ ದಿನ ಮಾತ್ರ ಸಂಜೆ ಜಾಗ ಸಿಗುತ್ತಿರಲಿಲ್ಲ. ಆಟಕ್ಕೆ ಬಂದವರೆಲ್ಲ ಮೊದಲು ಅಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಅಂತ ಚೆಂಡೆ ಕೇಳುವ ಮೊದಲೇ ಟೇಬಲಿನಲ್ಲಿ ತಾಳಮದ್ದಳೆ ಶುರು. ಬಿಲ್ ಕೊಡುವಾಗ ಗಲ್ಲೆಯಲ್ಲಿ ಕೂತ ಯಜಮಾನರೂ ಒಂದು ಅರ್ಥ ಹೇಳಿಯೇ ಚಿಲ್ಲರೆ ಕೊಡುವುದು.

ಯಾವಾಗ ಮುಚ್ಚಿದರು, ಯಾಕೆ? ಮತ್ತೆ, ಅಂಥ ಬಜಿಲ್ ಈಗ ಎಲ್ಲಾದರೂ ಉಂಟಾ? ಬೇರೆ ಕಡೆ ತಿಂದರೆ ಬರೀ ಖಾರ, ಅಲ್ವಾ?

ಉಡುಪಿ ಮಾಣಿ:

ಉಡುಪಿಗೆ ಬನ್ನಿ ಅಣ್ಣ. ರಥಬೀದಿಯಲ್ಲಿ ಮಿತ್ರ ಸಮಾಜ ಇನ್ನೂ ಉಂಟು. ಗೋಳಿಬಜೆ, ಬನ್ಸ್ ತಿಂದು ಕೃಷ್ಣನಿಗೆ ಕೈ ಮುಗಿದು ಹೋಗಬಹುದು. ಆದರೆ ಗಂಟೆಗಟ್ಟಲೆ ಕೂತು ಕರ್ಣಾರ್ಜುನರ ಲೆಕ್ಕ ಮಾಡಲು ಆಗುವುದಿಲ್ಲ, ಹಿಂದೆ ಜನ ಕಾಯುತ್ತಿರುತ್ತಾರೆ. ಕೂರಲೇಬೇಕಾದರೆ ನಿಮ್ಮೂರಿನಲ್ಲೇ 1975ರಿಂದ ಐಡಿಯಲ್ ಐಸ್‌ಕ್ರೀಮ್ ಉಂಟಲ್ಲ, ಗಡ್‌ಬಡ್ ತಗೊಂಡು ನಿಧಾನ ತಿನ್ನಿ.

ಪಾಂಡೇಶ್ವರದ ಅಕ್ಕ:

ಬರೆಯುವುದೆಲ್ಲ ಕೆಳಗೆ ಕೂತವರೇ. ಮಹಡಿಯ ಫ್ಯಾಮಿಲಿ ರೂಮಿನ ಬಗ್ಗೆ ಒಬ್ಬರೂ ಹೇಳುವುದಿಲ್ಲ!

ನಾನು ಕಾರ್ಪೊರೇಶನ್ ಬ್ಯಾಂಕಿನ ಹೆಡ್ ಆಫೀಸಿನಲ್ಲಿ ಇದ್ದವಳು. ಹೆಂಗಸು ಒಬ್ಬಳೇ ಹೋಟೆಲಿಗೆ ಹೋದರೆ ಜನ ತಿರುಗಿ ನೋಡುತ್ತಿದ್ದ ಕಾಲ ಅದು. ಆ ಹೋಟೆಲಿನಲ್ಲಿ ಗಲ್ಲೆಯ ಪಕ್ಕದಲ್ಲೇ ಮರದ ಮೆಟ್ಟಿಲು. ತುಂಬ ಕಡಿದು. ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದರಲ್ಲಿ ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು ಹತ್ತಬೇಕು. ಹತ್ತಿದರೆ ಸಾಲಾಗಿ ಸಣ್ಣ ಸಣ್ಣ ಕೋಣೆ, ಹಸಿರು ಪರದೆ. ಗೋಡೆಯಲ್ಲಿ ಬೆಲ್ ಇತ್ತು. ಅದು ಬಡಿದದ್ದನ್ನು ನಾನು ಕೇಳಿಲ್ಲ. ಚಮಚದಿಂದ ಗ್ಲಾಸಿಗೆ ಟಿಣ್ ಅನ್ನಿಸಿದರೆ ಸಪ್ಲೈಯರ್ ಬರುತ್ತಿದ್ದರು. ಬರುವಾಗ ಅರ್ಧ ಮೆಟ್ಟಿಲಲ್ಲೇ ಜೋರಾಗಿ ಒಂದು ಕೆಮ್ಮು. ಆಮೇಲೆ ಪರದೆಯ ಹೊರಗೆ ನಿಂತು, "ಎಂತ ತರಲಿ ಅಕ್ಕ?" ಪರದೆ ಸರಿಸುವುದು ನಾವೇ, ಅವರಲ್ಲ. ಬನ್ಸ್ ಮುಗಿಯಿತು ಅಂತ ಕೆಳಗಿನವರಿಗೆ ಹೇಳಿ ಆಗಿರುತ್ತಿತ್ತು. ನಮಗೆ ಎರಡು ತೆಗೆದಿಟ್ಟಿರುತ್ತಿದ್ದರು. ಈಗ ಹೇಳಬಹುದು, ಯಾರಿಗೂ ಬೇಜಾರಿಲ್ಲ ತಾನೆ?

ಆ ಪರದೆ ಹಿಂದೆ ನಾವು ಚೀಟಿ ಹಾಕಿದ್ದೇವೆ, ಪ್ರಮೋಶನ್ ಪರೀಕ್ಷೆಗೆ ಓದಿದ್ದೇವೆ, ಮ್ಯಾನೇಜರನ್ನು ಬೈದಿದ್ದೇವೆ. ಒಬ್ಬಳು ಮನೆಯಲ್ಲಿ ಹೇಳದೆ ಹುಡುಗನನ್ನು ನೋಡಿದ್ದೂ ಅಲ್ಲೇ, ನಾವು ಪಕ್ಕದ ಕೋಣೆಯಲ್ಲಿ ಉಸಿರು ಬಿಡದೆ ಕೇಳಿಸಿಕೊಳ್ಳುತ್ತಾ. ಹುಡುಗ ತುಂಬ ಮಾತಾಡಿದ. ಬೇಡ ಅಂದಳು. ಇಂಥ ಕೋಣೆಯನ್ನು ಹಳೇ ಕಾಲದ ಮಡಿ ಅಂತ ಈಗಿನವರು ನಗುತ್ತಾರೆ. ನಗಲಿ. ಮನೆಯೂ ಅಲ್ಲದ, ಆಫೀಸೂ ಅಲ್ಲದ ಜಾಗ ನಮಗೆ ಇದ್ದದ್ದು ಅದೊಂದೇ.

ಯಾಕೆ ಮುಚ್ಚಿತು ಅಂತ ಕೇಳಿದ್ದೀರಿ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ನಮ್ಮ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿಗೆ ಸೇರಿತು. ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ. ವಿಜಯಾ ಬ್ಯಾಂಕ್ ಹಿಂದಿನ ವರ್ಷವೇ ಬರೋಡಾಕ್ಕೆ ಹೋಗಿ ಆಗಿತ್ತು. ಹೆಡ್ ಆಫೀಸ್ ಹೋದರೆ ಹೋಗುವುದು ಬೋರ್ಡ್ ಮಾತ್ರ ಅಲ್ಲ. ಹತ್ತೂವರೆಯ ಚಾ ಹೋಗುತ್ತದೆ, ನಾಲ್ಕು ಗಂಟೆಯ ಅಂಬಡೆ ಹೋಗುತ್ತದೆ. ನಮ್ಮವರಲ್ಲಿ ಎಷ್ಟೋ ಜನ ಟ್ರಾನ್ಸ್‌ಫರ್ ಆದರು, ಕೆಲವರು ರಿಟೈರ್ ಆದರು. ಅದಕ್ಕೆ ಸರಿಯಾಗಿ ಲಾಕ್‌ಡೌನ್. ಬರೀ ಪಾರ್ಸೆಲ್. ಕೂರಲಿಕ್ಕೆ ಅಂತಲೇ ಜನ ಬರುತ್ತಿದ್ದ ಹೋಟೆಲಿನಲ್ಲಿ ಪಾರ್ಸೆಲ್ ಯಾರು ಕೇಳುತ್ತಾರೆ ಹೇಳಿ.

ಕುಂದಾಪ್ರ ಕಡೆಯವ:

ಅಕ್ಕ, ನೀವು ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ. ಯಜಮಾನರು ನನಗೆ ಸೋದರಮಾವ. ಗಿರಾಕಿ ಕಮ್ಮಿ ಆಗುವ ಮೊದಲೇ ಅಡುಗೆ ಕೋಣೆ ನಿಂತಿತ್ತು. ದೊಡ್ಡ ಭಟ್ರಿಗೆ ಮಂಡಿನೋವು, ಊರಿಗೆ ಹೋದರು. ನಮ್ಮ ಕಡೆಯ ಹುಡುಗರು ಮೊದಲು ಮಂಗಳೂರು ಬಸ್ ಹತ್ತುತ್ತಿದ್ದರು, ಈಗ ಸೀದಾ ಬೆಂಗಳೂರು. ಸಂಬಳ ಜಾಸ್ತಿ, ತಪ್ಪಲ್ಲ. ಬಂದವರೂ ಅಳತೆ ಕೇಳುತ್ತಿದ್ದರು. ಬನ್ಸ್ ಹಿಟ್ಟಿಗೆ ಎಂತ ಅಳತೆ? ಬಾಳೆಹಣ್ಣು ಎಷ್ಟು ಕಳಿತಿದೆಯೋ ಅಷ್ಟು ಮೈದಾ ಹಿಡಿಯುತ್ತದೆ. ಬೇಸಗೆಯಲ್ಲಿ ಬೇಗ ಹುಳಿ ಬರುತ್ತದೆ. ಆಟಿ ತಿಂಗಳ ಮಳೆಗೆ ರಾತ್ರಿ ಕಲಸಿಟ್ಟದ್ದು ಬೆಳಿಗ್ಗೆಯೂ ಹಾಗೆಯೇ ಇರುತ್ತದೆ, ಒಲೆಯ ಹತ್ತಿರ ಇಡಬೇಕು. ಇದನ್ನು ಕೈ ಹೇಳಬೇಕು, ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಬಜಿಲ್ ಮಾತ್ರ ಬರೆಯಬಹುದು. ಕೊತ್ತಂಬರಿ, ಜೀರಿಗೆ, ಒಣಮೆಣಸನ್ನು ಸ್ವಲ್ಪ ತೆಂಗಿನೆಣ್ಣೆಯಲ್ಲಿ ಹುರಿದು ಪುಡಿ ಮಾಡಿ. ಹಸಿ ತೆಂಗಿನತುರಿ, ಬೆಲ್ಲ, ಉಪ್ಪು, ಈ ಪುಡಿ ನಾಲ್ಕನ್ನೂ ಕೈಯಲ್ಲಿ ಚೆನ್ನಾಗಿ ಹಿಸುಕಿ, ಕಾಯಿಯ ಹಾಲು ಬಿಡುವ ತನಕ. ಆಮೇಲೆ ತೆಳು ಅವಲಕ್ಕಿ, ಮೇಲಿಂದ ಸಾಸಿವೆ, ಕರಿಬೇವಿನ ಒಗ್ಗರಣೆ. ನೀರು ಒಂದು ಹನಿಯೂ ಬೇಡ. ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಬೇರೆ ಕಡೆ ಬರೀ ಖಾರ ಆಗುವುದು ಹಿಸುಕಲು ಸೋಮಾರಿತನ ಮಾಡುವುದರಿಂದ. ಬಿಸಿ ಸಜ್ಜಿಗೆಯ ಮೇಲೆ ಬಡಿಸುವಾಗಲೇ ಉದುರಿಸಬೇಕು, ಮೊದಲೇ ಹಾಕಿದರೆ ಮುದ್ದೆ.

ಪಾಂಡೇಶ್ವರದ ಅಕ್ಕ:

ಬೆಲ್ಲ ಅಷ್ಟು ಕಾಣುತ್ತಿರಲಿಲ್ಲ ಅಲ್ವಾ? ನಮ್ಮ ಮನೆಯಲ್ಲಿ ಹಾಕಿದರೆ ಮಕ್ಕಳು ಸಿಹಿ ಅವಲಕ್ಕಿಯಾ ಅಂತ ಕೇಳುತ್ತಾರೆ.

ಕುಂದಾಪ್ರ ಕಡೆಯವ:

ಕಾಣಬಾರದು ಅಕ್ಕ, ಅದೇ ಹದ. ಮೆಣಸಿನ ಖಾರ ನಾಲಿಗೆಗೆ ಹಿಡಿಯದಷ್ಟು ಮಾತ್ರ.

ಸುರತ್ಕಲ್‌ನವ:

ಬರೆದಿಟ್ಟುಕೊಂಡೆ, ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ, ಸಿಟ್ಟಾಗಬೇಡಿ. ಆ ಕಲ್ಲಿನ ಟೇಬಲ್‌ಗಳು ಎಲ್ಲಿ ಹೋದವು? ಮಾರಲಿಕ್ಕಿದ್ದರೆ ನನಗೊಂದು ಬೇಕಿತ್ತು.

ಕುಂದಾಪ್ರ ಕಡೆಯವ:

ತಡ ಆಯಿತು ಮಾರಾಯ್ರೆ. ಕಾಲು, ಕುರ್ಚಿ ಎಲ್ಲ ಬಂದರಿನ ಗುಜರಿಗೆ ಹೋಯಿತು. ಕಲ್ಲು ಒಂದು ನಮ್ಮ ಮನೆಯಲ್ಲಿ ಉಂಟು. ಅತ್ತೆ ಅದರ ಮೇಲೆ ಚಪಾತಿ ಲಟ್ಟಿಸುತ್ತಾರೆ, ಕೇಳಿದರೆ ಲಟ್ಟಣಿಗೆಯಲ್ಲೇ ಕೊಡುತ್ತಾರೆ.