ಸ್ಪೆಕ್ಟ್ರಮ್ ಪ್ಲಸ್: ಜೆಟ್‌ಪ್ಯಾಕ್ ನಡೆಯುತ್ತದೆ, ಮ್ಯಾನಿಕ್ ಮೈನರ್ ಪೂರ್ತಿ ಲೋಡ್ ಆದ ಮೇಲೆ ಬಿದ್ದುಹೋಗುತ್ತದೆ

ಪ್ರಶ್ನೆ – ನವನಗರ, ಬಾಗಲಕೋಟೆ

ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯ ಮನೆ ಬಿಟ್ಟು ಬಂದಾಗ ಸಾಮಾನುಗಳ ಜೊತೆ ನಮ್ಮ ಕಾಕಾನ ಸಿಂಕ್ಲೇರ್ ಸ್ಪೆಕ್ಟ್ರಮ್ ಪ್ಲಸ್ (ಎಂಬತ್ತರ ದಶಕದ ಮನೆ ಕಂಪ್ಯೂಟರ್) ಕೂಡ ನವನಗರಕ್ಕೆ ಬಂದಿತ್ತು. ಈಗ ಅದನ್ನು ಅಟ್ಟದಿಂದ ಇಳಿಸಿ ಹಳೆಯ ಪೋರ್ಟಬಲ್ ಟಿವಿಗೆ ಜೋಡಿಸಿದ್ದೇನೆ. ಯಂತ್ರ ಚಾಲೂ ಆಗುತ್ತದೆ, 1982ರ ಕಾಪಿರೈಟ್ ಸಾಲು ಬರುತ್ತದೆ, ಕೀಲಿಗಳೆಲ್ಲ ಕೆಲಸ ಮಾಡುತ್ತವೆ. ಕ್ಯಾಸೆಟ್ಟಿನಿಂದ ಜೆಟ್‌ಪ್ಯಾಕ್ ಆಟ ಯಾವ ತಕರಾರೂ ಇಲ್ಲದೆ ಲೋಡ್ ಆಗಿ ನಡೆಯುತ್ತದೆ. ಆದರೆ ಮ್ಯಾನಿಕ್ ಮೈನರ್ ಹಾಕಿದರೆ, ಲೋಡ್ ಆಗುವಾಗ ಪರದೆಯ ಅಂಚಿನಲ್ಲಿ ಕಾಣುವ ಪಟ್ಟೆಗಳು ಕೊನೆಯವರೆಗೂ ಸರಿಯಾಗಿಯೇ ಓಡಿ, ಆಟ ಆರಂಭವಾಗಬೇಕಾದ ಕ್ಷಣದಲ್ಲಿ ಪರದೆ ಚೆಲ್ಲಾಪಿಲ್ಲಿಯಾಗಿ ಮತ್ತೆ ಅದೇ ಕಾಪಿರೈಟ್ ಸಾಲು ಬಂದು ನಿಲ್ಲುತ್ತದೆ. ಟೇಪ್ ಹಾಳಾಗಿದೆಯೇ, ರೆಕಾರ್ಡರ್ ಹಾಳಾಗಿದೆಯೇ ಎಂಬುದು ತಿಳಿಯುತ್ತಿಲ್ಲ.

ಉತ್ತರ – ಬೆಳಗಾವಿ

ಮೊದಲು ರೆಕಾರ್ಡರ್ ನೋಡಿಕೊಳ್ಳಿ. ನಮ್ಮಲ್ಲಿಯ ಮಳೆಗೆ ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆ. ನಿಮ್ಮ ಕಡೆಯ ಬಿಸಿಲಿಗೆ ರಬ್ಬರ್ ಬೆಲ್ಟು ಸಡಿಲಾಗಿ ವೇಗ ಏರುಪೇರಾಗುತ್ತದೆ. ಟೇಪನ್ನು ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಅದರ ಪಕ್ಕದ ಸಣ್ಣ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಕೀರಲು ಸದ್ದು ಎಲ್ಲಿ ಅತ್ಯಂತ ಚುರುಕಾಗಿ ಕೇಳಿಸುತ್ತದೆಯೋ ಅಲ್ಲಿ ನಿಲ್ಲಿಸಿ. ನಾನು ನೋಡಿದ ಬಹುತೇಕ ಲೋಡಿಂಗ್ ತೊಂದರೆಗಳು ಈ ತಿರುಪಿನಲ್ಲಿಯೇ ಬಗೆಹರಿದಿವೆ.

ಉತ್ತರ – ವಿಜಯಪುರ

ದಯವಿಟ್ಟು ಆ ತಿರುಪನ್ನು ಸದ್ಯಕ್ಕೆ ಮುಟ್ಟಬೇಡಿ. ಬೆಳಗಾವಿಯವರ ಸಲಹೆ ಸರಿಯಾದದ್ದೇ, ಆದರೆ ಅದು ಬೇರೆ ರೋಗಕ್ಕೆ ಕೊಡುವ ಔಷಧ. ಟೇಪಿನಿಂದ ಬರುವ ಸದ್ದಿನಲ್ಲಿ ದೋಷವಿದ್ದರೆ ಸ್ಪೆಕ್ಟ್ರಮ್ ಸುಮ್ಮನಿರುವುದಿಲ್ಲ, “ಆರ್ ಟೇಪ್ ಲೋಡಿಂಗ್ ಎರರ್” ಎಂದು ಪರದೆಯ ಕೆಳಗೆ ಬರೆದು ನಿಲ್ಲುತ್ತದೆ. ಕೆಂಪು ಮತ್ತು ತಿಳಿನೀಲಿಯ ಅಗಲ ಪಟ್ಟೆಗಳು ಆರಂಭದ ಸ್ಥಿರ ನಾದವನ್ನೂ, ನೀಲಿ ಮತ್ತು ಹಳದಿಯ ಕಿರುಪಟ್ಟೆಗಳು ನಿಜವಾದ ದತ್ತಾಂಶವನ್ನೂ ತೋರಿಸುತ್ತವೆ. ಪ್ರತಿ ಕಂತಿನ ಕೊನೆಯಲ್ಲಿ ಒಂದು ತಾಳೆ ಬೈಟ್ ಬರುತ್ತದೆ, ಅದು ಹೊಂದದಿದ್ದರೆ ಆ ಸಂದೇಶ ಬಂದೇ ಬರಬೇಕು. ನಿಮಗೆ ಆ ಸಂದೇಶ ಬಂದಿಲ್ಲ ಎಂದರೆ ಟೇಪಿನಿಂದ ಪ್ರೊಸೆಸರಿನವರೆಗೆ ಎಲ್ಲವೂ ಸರಿಯಾಗಿಯೇ ತಲುಪಿದೆ.

ಹಾಗಾದರೆ ಕೆಡುವುದು ಎಲ್ಲಿ? ಈ ತಾಳೆಯ ಲೆಕ್ಕ ನಡೆಯುವುದು ಪ್ರೊಸೆಸರಿನ ಸ್ವಂತ ಪುಟ್ಟ ಸಂಗ್ರಹಗಳಾದ ರಿಜಿಸ್ಟರ್‌ಗಳ ಒಳಗೆ. ಬಂದ ಬೈಟುಗಳು ಮೆಮೊರಿಯಲ್ಲಿ ಸರಿಯಾಗಿ ಕುಳಿತವೋ ಇಲ್ಲವೋ ಎಂಬುದನ್ನು ಲೋಡ್ ಆದೇಶ ಹಿಂತಿರುಗಿ ನೋಡುವುದಿಲ್ಲ. ಜೆಟ್‌ಪ್ಯಾಕ್ 16ಕೆ (16 ಕಿಲೋಬೈಟ್ ಮೆಮೊರಿಯ) ಯಂತ್ರಕ್ಕೂ ಸಾಲುವ ಆಟ, ಅದು ಕೆಳಗಿನ ಮೆಮೊರಿಯಲ್ಲಿಯೇ ಮುಗಿಯುತ್ತದೆ. ಮ್ಯಾನಿಕ್ ಮೈನರ್ 48ಕೆ ಆಟ, ಅದರ ಮುಖ್ಯ ಕಂತು 32768ನೆಯ ವಿಳಾಸದಿಂದ ಮೇಲೆ ಕೂರುತ್ತದೆ. ನಿಮ್ಮ ಎರಡು ಕ್ಯಾಸೆಟ್ಟುಗಳೇ ದೋಷದ ಜಾಗವನ್ನು ತೋರಿಸಿಕೊಟ್ಟಿವೆ ಎಂದು ನನ್ನ ಅಭಿಪ್ರಾಯ.

ಯಂತ್ರವನ್ನು ಬಿಚ್ಚುವ ಮೊದಲು ಇದನ್ನು ಟೈಪ್ ಮಾಡಿ (ಪೀಕ್ ಎಂದರೆ ಒಂದು ಮೆಮೊರಿ ವಿಳಾಸದಲ್ಲಿರುವುದನ್ನು ಓದುವುದು, ಪೋಕ್ ಎಂದರೆ ಅಲ್ಲಿ ಬರೆಯುವುದು): ಪ್ರಿಂಟ್ ಪೀಕ್ 23732+256*ಪೀಕ್ 23733. ಚಾಲೂ ಆದಾಗ ಯಂತ್ರ ತನಗೆ ಎಷ್ಟು ಮೆಮೊರಿ ಸಿಕ್ಕಿತು ಎಂಬುದನ್ನು ಅಲ್ಲಿ ಬರೆದಿಟ್ಟಿರುತ್ತದೆ. 65535 ಬಂದರೆ 48ಕೆ ಇದೆ ಎಂದೂ, 32767 ಬಂದರೆ ಅದು ತನ್ನನ್ನು 16ಕೆ ಎಂದು ತಿಳಿದುಕೊಂಡಿದೆ ಎಂದೂ ಅರ್ಥ. ಬಳಿಕ ಪೋಕ್ 40000,0 ಕೊಟ್ಟು ಪ್ರಿಂಟ್ ಪೀಕ್ 40000 ನೋಡಿ. 0 ಬದಲು 255 ಕೊಟ್ಟು ಇನ್ನೊಮ್ಮೆ ನೋಡಿ.

ಎರಡನೆಯ ಪರೀಕ್ಷೆಯನ್ನು ಬಿಡಬೇಡಿ. ಚಾಲೂ ಆಗುವಾಗಿನ ತಪಾಸಣೆ ಪ್ರತಿ ವಿಳಾಸದಲ್ಲಿ 2 ಎಂದು ಬರೆದು, ಅದನ್ನು ಎರಡು ಬಾರಿ ಒಂದೊಂದು ಕಡಿಮೆ ಮಾಡಿ, ಸೊನ್ನೆ ಬಂತೇ ಎಂದಷ್ಟೇ ನೋಡುತ್ತದೆ. ಬೈಟಿನ ಎಂಟು ಬಿಟ್‌ಗಳಲ್ಲಿ (0 ಅಥವಾ 1 ಹಿಡಿಯುವ ಮನೆಗಳು) ಕೆಳಗಿನ ಎರಡು ಬಿಟ್‌ಗಳನ್ನು ಬಿಟ್ಟು ಉಳಿದ ಆರರಲ್ಲಿ ಯಾವುದಾದರೂ ಸದಾ ಸೊನ್ನೆಯಾಗಿಯೇ ಅಂಟಿಕೊಂಡಿದ್ದರೆ ಆ ತಪಾಸಣೆಗೆ ಅದು ಗೊತ್ತೇ ಆಗುವುದಿಲ್ಲ, ಯಂತ್ರ ಧೈರ್ಯವಾಗಿ 65535 ಎಂದು ಹೇಳಿಬಿಡುತ್ತದೆ.

ಪ್ರಶ್ನಿಸಿದವರು – ನವನಗರ

32767 ಬಂದಿತು. 0 ಕೊಟ್ಟರೆ 16 ಬರುತ್ತದೆ, 255 ಕೊಟ್ಟರೆ 255 ಬರುತ್ತದೆ. 50000 ಮತ್ತು 60000ದಲ್ಲಿಯೂ ಇದೇ ಉತ್ತರ. ಇಲ್ಲಿಯ ರಿಪೇರಿ ಅಂಗಡಿಯವರೊಬ್ಬರು ಮೇಲಿನ ಎಂಟೂ ಚಿಪ್ಪುಗಳನ್ನು ಬದಲಿಸಬೇಕು ಎನ್ನುತ್ತಿದ್ದಾರೆ.

ಉತ್ತರ – ವಿಜಯಪುರ

ಎಂಟರ ಅಗತ್ಯವಿಲ್ಲ, ಒಂದು ಸಾಕು. ಮೇಲಿನ 32ಕೆ ಮೆಮೊರಿಯಲ್ಲಿ ಪ್ರತಿ ಬಿಟ್‌ಗೆ ಒಂದರಂತೆ ಚಿಪ್ಪುಗಳಿವೆ, ಐಸಿ 15ರಿಂದ ಐಸಿ 22ರವರೆಗೆ. ಬಿಟ್ ಸೊನ್ನೆಗೆ ಐಸಿ 15 ಎಂದು ಎಣಿಸುತ್ತ ಹೋದರೆ, 16ರ ಬೆಲೆಯ ಬಿಟ್ ನಾಲ್ಕಕ್ಕೆ ಐಸಿ 19 ಸಿಗುತ್ತದೆ. ಆ ಬಿಟ್ ಸದಾ 1 ಆಗಿಯೇ ಅಂಟಿಕೊಂಡಿದೆ. ದೋಷ ತಂತಿಯಲ್ಲಿರಬಹುದಲ್ಲವೇ ಎಂದು ಕೇಳಬಹುದು. ಆದರೆ ಅದೇ ದತ್ತಾಂಶ ಸಾಲಿನ ಮೇಲೆಯೇ ಯಂತ್ರದ ಕಾಯಂ ಪ್ರೋಗ್ರಾಂ ಇರುವ ರೋಮ್ ಚಿಪ್ಪೂ ಕುಳಿತಿದೆ. ಸಾಲು ಕೆಟ್ಟಿದ್ದರೆ ನಿಮಗೆ ಕಾಪಿರೈಟ್ ಸಾಲೂ ಕಾಣುತ್ತಿರಲಿಲ್ಲ.

ಅಲ್ಲಿರುವುದು 4532 ಚಿಪ್ಪು. 64 ಕಿಲೋಬಿಟ್ ಚಿಪ್ಪಿನಲ್ಲಿ ಅರ್ಧ ಭಾಗ ಕೆಟ್ಟಿದ್ದರೆ, ಒಳ್ಳೆಯ ಅರ್ಧವನ್ನು 32 ಎಂದು ಮಾರುತ್ತಿದ್ದರು. ಸಿಂಕ್ಲೇರ್ ಅದನ್ನು ಅಗ್ಗಕ್ಕೆ ಕೊಂಡು ಹಾಕಿದ. (ಜಾಣತನವೆನ್ನಿ, ಜಿಪುಣತನವೆನ್ನಿ, ಯಂತ್ರ ಅಷ್ಟು ಸೋವಿಯಾಗಿ ಸಿಕ್ಕಿದ್ದಕ್ಕೆ ಇಂಥ ಲೆಕ್ಕಾಚಾರಗಳೂ ಕಾರಣ.) ಇದರ ಜಾಗದಲ್ಲಿ 4164 ಹಾಕಬಹುದು, ಅದು ಗುಜರಿಗೆ ಬಂದ ಹಳೆಯ ಎಕ್ಸ್‌ಟಿ ಮಾದರಿಯ ಪಿಸಿಗಳ ಮದರ್‌ಬೋರ್ಡುಗಳಲ್ಲಿ ಈಗಲೂ ಸಿಗುತ್ತದೆ.

ಪೆಟ್ಟಿಗೆಯನ್ನು ಬಿಚ್ಚುವಾಗ ಕೀಬೋರ್ಡಿನಿಂದ ಬರುವ ಎರಡು ತೆಳು ರಿಬ್ಬನ್ನುಗಳ ಮೇಲೆ ಕಣ್ಣಿರಲಿ. ಒಣಗಿದ ಅವು ಎಳೆದರೆ ಬಿರುಕು ಬಿಡುತ್ತವೆ. ಹಳೆಯ ಚಿಪ್ಪನ್ನು ಉಳಿಸಲು ಹೋಗಬೇಡಿ. ಅದರ ಹದಿನಾರು ಕಾಲುಗಳನ್ನೂ ಮೈಯ ಬಳಿಯೇ ಕತ್ತರಿಸಿ, ಬಳಿಕ ಒಂದೊಂದೇ ಕಾಲನ್ನು ಕಾಯಿಸಿ ತೆಗೆಯಿರಿ, ಇಲ್ಲವಾದರೆ ಬೋರ್ಡಿನ ತಾಮ್ರದ ಗೆರೆ ಎದ್ದುಬರುತ್ತದೆ. ಹೊಸ ಚಿಪ್ಪನ್ನು ನೇರವಾಗಿ ಬೆಸೆಯದೆ ಸಾಕೆಟ್ ಹಾಕಿ ಕೂರಿಸಿ. ಅಡಾಪ್ಟರನ್ನು ಎಂದಾದರೂ ಬದಲಿಸುವುದಾದರೆ ಇದು 9 ವೋಲ್ಟಿನದು ಮತ್ತು ಪಿನ್ನಿನ ನಡುಭಾಗ ಋಣ ಎಂಬುದನ್ನು ಗಮನಿಸಿ. ಈಗ ಪೇಟೆಯಲ್ಲಿ ಸಿಗುವ ಬಹುತೇಕ ಅಡಾಪ್ಟರುಗಳು ಇದಕ್ಕೆ ತದ್ವಿರುದ್ಧ.

ಪ್ರಶ್ನಿಸಿದವರು – ನವನಗರ

ಐಸಿ 19 ಬದಲಾಯಿತು. ಈಗ 65535 ಬರುತ್ತದೆ, 0 ಕೊಟ್ಟರೆ 0, 255 ಕೊಟ್ಟರೆ 255. ಮ್ಯಾನಿಕ್ ಮೈನರ್ ಮೊದಲ ಗುಹೆಯಿಂದಲೇ ಸರಿಯಾಗಿ ನಡೆಯುತ್ತಿದೆ. ಆದರೆ ಜೆಟ್ ಸೆಟ್ ವಿಲ್ಲಿಯ ಕ್ಯಾಸೆಟ್ ಹಾಕಿದರೆ ನೀಲಿ-ಹಳದಿ ಪಟ್ಟೆಗಳ ಮಧ್ಯದಲ್ಲಿ “ಆರ್ ಟೇಪ್ ಲೋಡಿಂಗ್ ಎರರ್” ಬರುತ್ತಿದೆ.

ಉತ್ತರ – ಬೆಳಗಾವಿ

ಇದಕ್ಕೆ ನನ್ನ ಔಷಧ ಬೇಕು. ಆದರೂ ತಿರುಪಿಗಿಂತ ಮೊದಲು ಮೊಬೈಲಿನಿಂದ ನೋಡಿ. ನಿಮ್ಮ ಬಳಿ ಆಟದ ಟೇಪಿನ ಡಿಜಿಟಲ್ ಪ್ರತಿಯಾದ ಟಿಝಡ್‌ಎಕ್ಸ್ ಕಡತವಿದ್ದರೆ, ಪಿಸಿಯಲ್ಲಿ ಸ್ಪೆಕ್ಟ್ರಮ್ಮನ್ನು ಅನುಕರಿಸುವ ಫ್ಯೂಸ್ ಎಮ್ಯುಲೇಟರಿನ ಜೊತೆಗಿನ ಉಪಕರಣಗಳಲ್ಲಿ ಟೇಪ್2ವೇವ್ ಎಂಬುದು ಅದನ್ನು ವೇವ್ ಕಡತವಾಗಿ ಮಾಡಿಕೊಡುತ್ತದೆ. ಎಂಪಿ3 ಮಾಡಬೇಡಿ, ಅದು ನಾಡಿಗಳ ಅಂಚನ್ನು ಮೊಂಡಾಗಿಸುತ್ತದೆ. ಮೊಬೈಲಿನ ಹೆಡ್‌ಫೋನ್ ತೂತಿನಿಂದ ಸ್ಪೆಕ್ಟ್ರಮ್ಮಿನ ಇಯರ್ ತೂತಿಗೆ ತಂತಿ ಎಳೆದು, ಈಕ್ವಲೈಜರ್ ಮುಚ್ಚಿ, ಕರೆ ಬಾರದಂತೆ ಮಾಡಿ, ಸದ್ದನ್ನು ಪೂರ್ತಿಗೆ ಹತ್ತಿರ ಇಡಿ. ಮೊಬೈಲಿನಿಂದ ಲೋಡ್ ಆಗಿ ಕ್ಯಾಸೆಟ್ಟಿನಿಂದ ಆಗದಿದ್ದರೆ ದೋಷ ಆ ಕ್ಯಾಸೆಟ್ಟಿನದು ಅಥವಾ ಹೆಡ್ಡಿನದು. ಆಗ ತಿರುಪಿನ ಈಗಿನ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಕೊಂಡು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ. ಜೆಟ್‌ಪ್ಯಾಕ್ ಮತ್ತು ಮ್ಯಾನಿಕ್ ಮೈನರ್ ಈಗಿರುವ ಜಾಗದಲ್ಲಿ ಓದಿಸಿಕೊಳ್ಳುತ್ತಿರುವುದರಿಂದ, ವಿಲ್ಲಿ ಲೋಡ್ ಆದ ಮೇಲೆ ತಿರುಪನ್ನು ಅದೇ ಗುರುತಿಗೆ ಮರಳಿಸಬೇಕಾಗುತ್ತದೆ.