ಜೋರು ಕಾರು ದಿನದ ಓಡಾಟಕ್ಕೆ ಸರಿಯಾ? ವಿದ್ಯಾನಗರದ ಓದುಗರಿಗೆ ನಿಮ್ಮ ಉತ್ತರಗಳು

ಕಳೆದ ವಾರ ದಾವಣಗೆರೆ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದ ಸಮಸ್ಯೆ ನಿಮಗೆ ನೆನಪಿರಬಹುದು. ವಯಸ್ಸು 38, ಸ್ವಂತ ವ್ಯಾಪಾರ. ಚಿತ್ರದುರ್ಗದಲ್ಲೂ ಒಂದು ಅಂಗಡಿ ಇರುವುದರಿಂದ ವಾರಕ್ಕೆ ಆರು ದಿನ ಹೋಗಿ ಬರುತ್ತಾರೆ. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಹನ್ನೊಂದು ವರ್ಷದ ಡೀಸೆಲ್ ಸ್ವಿಫ್ಟ್ ಇನ್ನೂ ಗಟ್ಟಿಯಾಗಿದೆ. ಆದರೆ ಕಾಲೇಜು ದಿನಗಳಿಂದ ಅವರಿಗೆ ಸ್ಕೋಡಾ ಆಕ್ಟೇವಿಯಾದ ಜೋರು ಮಾದರಿ ಆರ್‌ಎಸ್ ಮೇಲೆ ಆಸೆ. 2020ರಲ್ಲಿ ನಮ್ಮ ದೇಶಕ್ಕೆ ಬರೀ 200 ಬಂದಿದ್ದ ಆರ್‌ಎಸ್ 245 ಈಗ ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. 50 ಸಾವಿರ ಟೋಕನ್ ಕೊಟ್ಟಾಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. "ದಿನಾ ಓಡಿಸಲು ಇದು ಸರಿಯಾ, ಇಲ್ಲಾ ಸ್ವಿಫ್ಟ್‌ನಲ್ಲೇ ಇದ್ದುಬಿಡಲಾ?" ಎಂದು ಕೇಳಿದ್ದರು.

ಮೊದಲು ಬಂದ ಪತ್ರವನ್ನೇ ಮೊದಲು ಹಾಕಿದ್ದೇವೆ.

ಕಾರಿನ ವಿಷಯ ಆಮೇಲೆ. ಹೆಂಡತಿಗೆ ಹೇಳದೆ ಟೋಕನ್ ಕೊಟ್ಟು, ಊರಿನವರನ್ನೆಲ್ಲ ಕೇಳುತ್ತಿದ್ದೀರಿ. ಇದು ಸರಿಯಲ್ಲ. ಇವತ್ತೇ ಹೇಳಿ.
ಗೃಹಿಣಿ, ಹರಿಹರ

ಮಾತು ಸ್ವಲ್ಪ ಖಾರ. ಆದರೆ ಬೇರೆ ಬೇರೆ ವಿಷಯದಿಂದ ಶುರುವಾದ ಹಲವು ಪತ್ರಗಳೂ ಕೊನೆಗೆ ಬಂದು ನಿಂತದ್ದು ಆ ಟೋಕನ್ ಹತ್ತಿರವೇ. ಮುಂದಿನದು ಕೈಗೆ ಗ್ರೀಸ್ ಹತ್ತಿಸಿಕೊಂಡವರ ಪತ್ರ.

ನಾನು ದಾವಣಗೆರೆಯಲ್ಲಿ 19 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಈ ತರಹದ ಕಾರು ಆಗಾಗ ನನ್ನ ಹತ್ತಿರ ಬರುತ್ತವೆ. ಎಂಜಿನ್ ಬಗ್ಗೆ ಹೆದರಬೇಡಿ. 2 ಲೀಟರ್ ಟರ್ಬೊ ಪೆಟ್ರೋಲ್, 245 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಅಶ್ವಶಕ್ತಿ), ಆಯಿಲ್ ಸರಿಯಾಗಿ ಬದಲಾಯಿಸಿದರೆ ಬಾಳಿಕೆ ಬರುತ್ತದೆ. ತೊಂದರೆ ಇರುವುದು ಕೆಳಗೆ. ಅದರ ಟೈರು 225/40, ರಿಮ್ 18 ಇಂಚು. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ 9 ಸೆಂಟಿಮೀಟರ್ ಅಷ್ಟೇ. ನಿಮ್ಮ ಸ್ವಿಫ್ಟ್‌ಗೆ 12-13 ಇರುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಒಂದು ಸಲ ಇಳಿಸಿ ನೋಡಿ, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬರುತ್ತದೆ. ಅದಕ್ಕೆ ಪಂಕ್ಚರ್ ಹಾಕಲು ಬರುವುದಿಲ್ಲ, ಟೈರ್ ಬಿಸಾಕಬೇಕು. ರಿಮ್ ಬಿರುಕು ಬಿಟ್ಟರೆ ಖರ್ಚು ಇನ್ನೂ ಜಾಸ್ತಿ. ನಮ್ಮ ಊರಿನ ಒಳರಸ್ತೆಗಳ ಹಂಪ್‌ಗಳನ್ನು ಯಾವ ಅಳತೆ ಇಟ್ಟು ಹಾಕುತ್ತಾರೋ ಗೊತ್ತಿಲ್ಲ, ಓರೆಯಾಗಿ ಹತ್ತಿಸಿದರೂ ಹೊಟ್ಟೆ ತಾಗುತ್ತದೆ.

ಗೇರ್‌ಬಾಕ್ಸ್ ವೆಟ್ ಕ್ಲಚ್ ಡಿಎಸ್‌ಜಿ, ಅಂದರೆ ಆಯಿಲ್‌ನಲ್ಲಿ ಮುಳುಗಿರುವ ಎರಡು ಕ್ಲಚ್‌ನ ಆಟೋಮ್ಯಾಟಿಕ್, ಒಳ್ಳೆಯದು. ಆದರೆ ಅದರ ಆಯಿಲ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಇನ್ನೊಂದು, ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳು ಸಾಮಾನ್ಯವಾಗಿ ಅದಕ್ಕಂತ ಮಾಡಿದವಲ್ಲ. ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಓದಿ, ಕಾರಿನ ಪುಸ್ತಕ ನೋಡಿ. ಐದು ವರ್ಷ ದಾಟಿದ ಕಾರಿಗೆ ಬಂಪರ್ ಟು ಬಂಪರ್ ವಿಮೆ (ಬಿಡಿಭಾಗದ ಸವಕಳಿ ಕಳೆಯದೆ ದುಡ್ಡು ಕೊಡುವ ವಿಮೆ) ಎಲ್ಲರೂ ಕೊಡುವುದಿಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ.

ಲೆಕ್ಕ ನಾನೇ ಹಾಕುತ್ತೇನೆ. ದಿನಕ್ಕೆ 120, ತಿಂಗಳಿಗೆ 26 ದಿನ, 3,120 ಕಿಲೋಮೀಟರ್ ಆಯಿತು. ಸ್ವಿಫ್ಟ್ ಲೀಟರಿಗೆ 20 ಕೊಟ್ಟರೆ 156 ಲೀಟರ್ ಡೀಸೆಲ್ ಸಾಕು. ಆ ಕಾರು 10 ಕೊಟ್ಟರೆ 312 ಲೀಟರ್ ಪೆಟ್ರೋಲ್ ಬೇಕು. ರೇಟು ನಿಮಗೇ ಗೊತ್ತು. ನನ್ನ ಮಾತು ಇಷ್ಟೇ ಸಾರ್, ಭಾನುವಾರಕ್ಕೆ ಇದು ಬಂಗಾರದಂಥ ಕಾರು. ಸೋಮವಾರಕ್ಕೆ ಸ್ವಿಫ್ಟ್ ಇರಲಿ, ಮಾರಬೇಡಿ.
ಮೆಕ್ಯಾನಿಕ್, ದಾವಣಗೆರೆ

ಇದಕ್ಕೆ ನೇರ ವಿರುದ್ಧವಾದ ಪತ್ರವೂ ಬಂದಿದೆ. ಬರೆದವರಿಗೆ 27 ವರ್ಷ.

ತಗೊಳ್ಳಿ ಸಾರ್. ನಾನು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5 ಓಡಿಸುತ್ತೇನೆ, 150 ಪಿಎಸ್. ಕೆಲಸಕ್ಕೆ ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ದಿನಾ ಹೋಗಬೇಕು. ಎದುರುಬದುರು ಓಡಾಡುವ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಗೊತ್ತಾಗುತ್ತೆ ಎಂಜಿನ್ ಶಕ್ತಿ ಯಾಕೆ ಬೇಕು ಅಂತ. ಮೊದಲಿದ್ದ ಕಾರಿನಲ್ಲಿ ಲಾರಿ ದಾಟಲು ಉಸಿರು ಬಿಗಿ ಹಿಡಿಯಬೇಕಿತ್ತು, ಈಗ ಎದುರು ಗಾಡಿ ಕಾಣುವಷ್ಟರಲ್ಲಿ ನಮ್ಮ ಕಡೆ ಬಂದಿರುತ್ತೇನೆ. ಜೋರು ಕಾರು ಅಂದರೆ ಎಲ್ಲರೂ ಸ್ಪೀಡ್ ಅಂತಲೇ ಯಾಕೆ ತಿಳಿಯುತ್ತಾರೋ. ಬ್ರೇಕ್ ಕೂಡ ಜೋರು, ರಸ್ತೆ ಹಿಡಿತವೂ ಜೋರು. ಬೆಳಿಗ್ಗೆ ಆರಕ್ಕೆ ಜೋಗಿಮಟ್ಟಿ ಕಡೆ ಗಾಳಿ ಯಂತ್ರಗಳು ತಿರುಗುತ್ತಿರುತ್ತವೆ, ಕಿಟಕಿ ಇಳಿಸಿ ಹೋಗುವಾಗ ಆ ದಿನದ ಕೆಲಸ ಹಗುರ ಅನ್ನಿಸುತ್ತದೆ. ದಿನಕ್ಕೆ ಎರಡು ಗಂಟೆ ಕಾರಿನಲ್ಲೇ ಕಳೆಯುವವರು ನೀವು. ಆ ಎರಡು ಗಂಟೆ ಖುಷಿಯಾಗಿರಲಿ ಅಂತ ಬಯಸುವುದು ತಪ್ಪಲ್ಲ. ಆರು ವರ್ಷ ಹಳೆಯದು ಬೇಡ ಅನ್ನಿಸಿದರೆ ವಾರಂಟಿ ಇರುವ ಹೊಸದನ್ನು ನೋಡಿ. ಸ್ವಿಫ್ಟ್‌ನಲ್ಲೇ ಇದ್ದುಬಿಡಿ ಅಂತ ಮಾತ್ರ ನಾನು ಹೇಳಲ್ಲ.
ಓದುಗ, ಚಿತ್ರದುರ್ಗ

ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.

ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ದಿನಾ ಓಡಿಸಲು ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಇಂಥದೇ ಒಂದು ಕಾರನ್ನು ನಾನು ಎರಡು ವರ್ಷ ದಿನಾ ಓಡಿಸಿದ್ದೇನೆ, ಒಂದು ಗೀರೂ ಬೀಳಲಿಲ್ಲ. ಕಾರು ಯಾವುದು ಅಂತ ಬರೆಯುವುದಿಲ್ಲ, ಅದರ ತಪ್ಪು ಏನೂ ಇಲ್ಲ.

ನನ್ನ ತಮ್ಮನಿಗೆ ಆಗ 23. ಅವನು ಓಡಿಸಿ ಗೊತ್ತಿದ್ದದ್ದು ನಮ್ಮ ಹಳೆಯ ಮಾರುತಿ ಒಂದೇ. ಡಿಸೆಂಬರ್ ತಿಂಗಳು, ರಾತ್ರಿ ಹತ್ತೂವರೆ. ಗೆಳೆಯನನ್ನು ಊರಿಗೆ ಬಿಟ್ಟು ಬರುತ್ತೇನೆ, ಕೀ ಕೊಡು ಅಂದ. ನಾನು ಊಟ ಮಾಡುತ್ತಿದ್ದೆ. ಎಡಗೈಯಲ್ಲೇ ಜೇಬಿನಿಂದ ತೆಗೆದು ಕೊಟ್ಟೆ.

ನಮ್ಮ ಕಡೆ ಸುಗ್ಗಿ ಆದ ಮೇಲೆ ಸರ್ವಿಸ್ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕುವುದು ನಿಮಗೂ ಗೊತ್ತು. ಅರ್ಧ ರಸ್ತೆಗೆ ಕಾಳು, ಅಂಚಿಗೆ ಸಾಲಾಗಿ ಕಲ್ಲು. ರಾತ್ರಿ ಗುಡ್ಡೆ ಮಾಡಿ ತಾಡಪಾಲು ಮುಚ್ಚುತ್ತಾರೆ. ಅದರ ಮೇಲೂ ಕಲ್ಲು. ಅವನು ಗೆಳೆಯನನ್ನು ಬಿಟ್ಟು ಒಬ್ಬನೇ ವಾಪಸ್ ಬರುವಾಗ ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿದಿದ್ದಾನೆ. ಆ ಕಾರಿನ ಒಳಗೆ ಕೂತರೆ 90 ಕೂಡ 50ರ ಹಾಗೆ ಅನ್ನಿಸುತ್ತದೆ, ಶಬ್ದವೇ ಇಲ್ಲ. ಕಲ್ಲಿನ ಸಾಲು ಕಂಡು ಬ್ರೇಕ್ ಒತ್ತಿದ್ದಾನೆ. ಆದರೆ ಟೈರಿನ ಕೆಳಗೆ ಇದ್ದದ್ದು ಕಾಳು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ಟೈರು ರಸ್ತೆ ಹಿಡಿದರೆ ತಾನೇ? ಕಾರು ಅಡ್ಡಡ್ಡ ಜಾರಿ ಗುಡ್ಡೆಗೆ ನುಗ್ಗಿ, ಆಚೆ ಚರಂಡಿಯ ಗೋಡೆಗೆ ಹೊಡೆದು ನಿಂತಿತು.

ಜೋಳ ಕಾಯಲು ಒಬ್ಬ ಅಜ್ಜ ಅಲ್ಲೇ ಕಂಬಳಿ ಹೊದ್ದು ಮಲಗಿದ್ದ. ಕಾರು ಹೋದ ಗುರುತಿಗೂ ಅವನ ಹಾಸಿಗೆಗೂ ನಾಲ್ಕು ಅಡಿ. ನಾನು ಹೋಗಿ ಮುಟ್ಟುವಷ್ಟರಲ್ಲಿ ಆ ಅಜ್ಜನೇ ನನ್ನ ತಮ್ಮನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಟವೆಲ್ ಒತ್ತಿ ಹಿಡಿದಿದ್ದ. "ಏನಾಗಲ್ಲ ಬಿಡಪ್ಪ, ಮಾತಾಡ್ತಾ ಇದಾನೆ" ಅಂತ ನನಗೇ ಧೈರ್ಯ ಹೇಳಿದ.

ತಮ್ಮ ಉಳಿದ. ಸೊಂಟದ ಮೂಳೆಗೆ ರಾಡ್ ಹಾಕಿದ್ದಾರೆ. ನಾಲ್ಕನೇ ದಿನ ನಾನು ಅಜ್ಜನ ಹತ್ತಿರ ಹೋದೆ. ಮನೆಯವರೆಲ್ಲ ಜೋಳದ ಗುಡ್ಡೆ ಮುಂದೆ ಕೂತು ಗಾಜು ಆರಿಸುತ್ತಿದ್ದರು. ಕಾರಿನ ಪಕ್ಕದ ಕಿಟಕಿ ಗಾಜು ಒಡೆದರೆ ಉದ್ದ ಚೂರು ಆಗುವುದಿಲ್ಲ, ಸಣ್ಣ ಸಣ್ಣ ಹರಳು ಆಗುತ್ತದೆ, ಸರಿಯಾಗಿ ಜೋಳದ ಕಾಳಿನಷ್ಟೇ ದಪ್ಪ. ಜರಡಿಯಲ್ಲಿ ಇಳಿಯುವುದಿಲ್ಲ, ಮೊರದಲ್ಲಿ ಕೇರಿದರೂ ಹೋಗುವುದಿಲ್ಲ. ನಾನೂ ಕೂತೆ. ಬೆಳಿಗ್ಗೆಯಿಂದ ಸಂಜೆವರೆಗೆ ಆರಿಸಿದರೂ ಬಿಸಿಲಿಗೆ ಎಲ್ಲೋ ಒಂದು ಹೊಳೆಯುತ್ತಿತ್ತು. ಕೋಳಿಗೂ ಹಾಕಲಾಗದ ಜೋಳ ಅದು. 14 ಕ್ವಿಂಟಾಲ್‌ಗೆ ದುಡ್ಡು ಕೊಟ್ಟೆ. ಅಜ್ಜ ಎಣಿಸಲೂ ಇಲ್ಲ, ಹುಡುಗ ನಡೆಯುತ್ತಾನಾ ಅಂತ ಕೇಳಿದ.

ನಡೆಯುತ್ತಾನೆ. ಆದರೆ ನನ್ನ ಕಾರಿನಲ್ಲಿ ಮುಂದಿನ ಸೀಟಿಗೆ ಕೂರುವುದಿಲ್ಲ. 60ರಲ್ಲಿ ಹೋಗುತ್ತಿದ್ದರೂ ಹಿಂದಿನಿಂದ "ಅಣ್ಣಾ, ನಿಧಾನ" ಅನ್ನುತ್ತಾನೆ. ಏಳು ವರ್ಷ ಆಯಿತು. ಒಂದು ದಿನವೂ ನನ್ನನ್ನು ದೂರಿಲ್ಲ, ಅದನ್ನೇ ನನಗೆ ತಡೆಯಲು ಆಗುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಮನೆಗೆ ಬಂದ ಮೇಲೆ ಕೀ ಎಲ್ಲಿ ಇಡುತ್ತೀರಿ? ಟಿವಿ ಪಕ್ಕದ ಮೊಳೆಗಾ? ಭಾಮೈದ, ಅಕ್ಕನ ಮಗ, ಅಂಗಡಿ ಹುಡುಗ, ಯಾರು ಕೇಳಿದರೆ ಇಲ್ಲ ಅನ್ನಲು ನಿಮಗೆ ಆಗುವುದಿಲ್ಲ? ಅವರ ಹೆಸರು ಒಂದು ಚೀಟಿಯಲ್ಲಿ ಬರೆದು ನೋಡಿ, ಆಮೇಲೆ ನಿರ್ಧಾರ ಮಾಡಿ.
ಹೆಸರು, ಊರು ಬೇಡ ಎಂದ ಓದುಗ

ಅವರ ತಮ್ಮನಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಬೇಕೆಂದು ಕೋರುತ್ತೇವೆ. ಮುಂದಿನದು ಚಿಕ್ಕ ಪತ್ರ.

ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ರೈಲು ಮಾರ್ಗದ ಕೆಲಸ ನಡೆಯುತ್ತಿದೆ. ಅದು ಮುಗಿದರೆ ಈ ಪ್ರಶ್ನೆಯೇ ಇರುವುದಿಲ್ಲ. ಅಲ್ಲಿಯವರೆಗೆ ಬಸ್ಸಿದೆ. ಬಸ್ಸಿನಲ್ಲಿ ಪೇಪರ್ ಓದಬಹುದು.
ನಿವೃತ್ತ ಶಿಕ್ಷಕ, ಭರಮಸಾಗರ

ಬಸ್ಸಿನ ಸಲಹೆ ವಿದ್ಯಾನಗರದವರಿಗೆ ಒಪ್ಪಿಗೆ ಆಗಲಿಕ್ಕಿಲ್ಲ. ಮುಂದಿನ ಪತ್ರವನ್ನು ಮಾತ್ರ ಅವರು, ಅವರ ಹೆಂಡತಿ ಇಬ್ಬರೂ ಜೊತೆಗೆ ಕೂತು ಓದಲಿ ಎಂದು ನಮ್ಮ ಆಸೆ.

ನಮ್ಮ ಮನೆಯವರೂ ಹೀಗೇ ಹೇಳದೆ ಕಾರು ತಂದರು. ನನಗೆ ಗೊತ್ತಾಗಿದ್ದು ವಿಮೆಯ ಮೆಸೇಜ್‌ನಿಂದ. ಒಂದು ತಿಂಗಳು ಆ ಕಾರು ಹತ್ತಲಿಲ್ಲ ನಾನು. ದುಡ್ಡಿನ ಸಿಟ್ಟಲ್ಲ ಅದು. ಬಣ್ಣ ಯಾವುದು ಅಂತ ಕೂಡ ನನ್ನನ್ನು ಕೇಳಲಿಲ್ಲವಲ್ಲ ಅಂತ. ಆಮೇಲೆ ಒಂದು ದಿನ ಅವರಿಗೆ ಜ್ವರ, ಮಗಳನ್ನು ಪರೀಕ್ಷೆಗೆ ಬಿಡಬೇಕಿತ್ತು, ನಾನೇ ಓಡಿಸಿದೆ. ನಿಜ ಹೇಳಲಾ, ತುಂಬಾ ಚೆನ್ನಾಗಿತ್ತು. ಈಗ ವಾರಕ್ಕೆ ಮೂರು ದಿನ ಚಳ್ಳಕೆರೆಗೆ ಕೆಲಸಕ್ಕೆ ನಾನೇ ತಗೊಂಡು ಹೋಗುತ್ತೇನೆ.

ಆದರೆ ಅತ್ತೆಗೆ ಮಂಡಿ ನೋವು. ಸೀಟು ತಗ್ಗು, ಇಳಿಯುವಾಗ ಬಾಗಿಲು ಹಿಡಿದು ಎರಡು ಸಲ ಜೋಲಿ ಹೊಡೆದು ಏಳುತ್ತಾರೆ. ಈಗ ಮದುವೆ ಮುಂಜಿಗೆ "ನಾನು ಬರಲ್ಲ, ನೀವು ಹೋಗಿ ಬನ್ನಿ" ಅಂದುಬಿಡುತ್ತಾರೆ. ತರುವ ಮೊದಲು ಒಂದು ಸಲ ಅವರನ್ನು ಕೂರಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೀವು ಹಾಗೆ ಮಾಡಬೇಡಿ ಅಣ್ಣ. ಹೆಂಡತಿಯನ್ನು ಕರೆದುಕೊಂಡು ಹೋಗಿ, ಸ್ಟಿಯರಿಂಗ್ ಹಿಂದೆ ಕೂರಿಸಿ. ಅವರು ಬೇಡ ಅಂದರೆ ಯಾಕೆ ಬೇಡ ಅಂತ ಕೇಳಿ. ಬೇಕು ಅಂದರೂ ಅಂದಾರು.
ಉಪನ್ಯಾಸಕಿ, ಚಿತ್ರದುರ್ಗ

ಕೊನೆಯ ಪತ್ರ ಅಂಚೆಯಲ್ಲಿ, ಇನ್‌ಲ್ಯಾಂಡ್ ಲೆಟರ್‌ನಲ್ಲಿ ಬಂದಿದೆ.

ಸರ್ಕಾರಿ ಬಸ್ಸು 31 ವರ್ಷ ಓಡಿಸಿದವನು ನಾನು. ಈಗ ದಾವಣಗೆರೆ ನಿಟುವಳ್ಳಿಯಲ್ಲಿ ಇದ್ದೇನೆ. ತಮ್ಮಾ, 60 ಕಿಲೋಮೀಟರ್‌ಗೆ 100ರಲ್ಲಿ ಹೋದರೆ 36 ನಿಮಿಷ, 120ರಲ್ಲಿ ಹೋದರೆ 30. ಉಳಿಯುವ ಆರು ನಿಮಿಷ ಹೆಬ್ಬಾಳು ಟೋಲ್ ಸಾಲಿನಲ್ಲೋ ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲೋ ಹೋಗುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಇಟ್ಟ ಮಿತಿಯೇ 100. ನಮ್ಮ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಅಂತ 2024ರಲ್ಲೇ ಪೊಲೀಸರು ಹೇಳಿದ್ದಾರೆ. 100ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ, ನಿನ್ನ ಕಾಲು ಬ್ರೇಕ್ ಮುಟ್ಟುವ ಮೊದಲೇ ಎರಡು ಬಸ್ಸಿನ ಉದ್ದ ದಾಟಿರುತ್ತೀಯ. 80ರ ಬದಲು 120ರಲ್ಲಿ ಇದ್ದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಎರಡೂಕಾಲು ಪಟ್ಟು ಜಾಗ ಬೇಕು. ಕಬ್ಬಿನ ಟ್ರ್ಯಾಕ್ಟರ್‌ಗೆ ಹಿಂದೆ ಲೈಟ್ ಇರುವುದಿಲ್ಲ ಅಂತ ನಿನಗೆ ನಾನು ಹೇಳಬೇಕಾ?

ಆಸೆ ಬಿಡು ಅನ್ನುವುದಿಲ್ಲ. ಟೆಸ್ಟ್ ಡ್ರೈವ್ ಬೆಂಗಳೂರಿನಲ್ಲಿ ಮಾಡಬೇಡ. ಮಾರುವವರು ಒಪ್ಪಿದರೆ ಕಾರನ್ನು ಇಲ್ಲಿಗೆ ತರಿಸು, ನೀನು ದಿನಾ ಹೋಗುವ ಹೊತ್ತಿಗೆ, ದಿನಾ ಹೋಗುವ ರಸ್ತೆಯಲ್ಲೇ ಒಂದು ಸಲ ಹೋಗಿ ಬಾ. ಮುಂದಿನ ಸೀಟಿನಲ್ಲಿ ನಿನ್ನ ಹೆಂಡತಿ ಕೂರಲಿ. ಹಿಂದೆ ಜಾಗ ಇದ್ದರೆ ನಾನೂ ಬರುತ್ತೇನೆ, ಮಧ್ಯಾಹ್ನ ಮೂರರ ಮೇಲೆ ಮನೆಯಲ್ಲೇ ಇರುತ್ತೇನೆ.
ನಿವೃತ್ತ ಬಸ್ ಚಾಲಕ, ದಾವಣಗೆರೆ

ಈ ಹಿರಿಯರ ವಿಳಾಸವನ್ನು ವಿದ್ಯಾನಗರದ ಓದುಗರಿಗೆ ಕಳಿಸಿಕೊಟ್ಟಿದ್ದೇವೆ.