ಗಿರವಿ ಅಂಗಡಿಯಲ್ಲಿ ಪಿಟೀಲು ಕೊಳ್ಳಬಹುದಾ?

ಸುಮಾ_ಕೊಲಂಬಸ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಮೈಸೂರಿನಲ್ಲಿ ಏಳು ವರ್ಷ ಪಿಟೀಲು ಕಲಿತಿದ್ದೆ. ವರ್ಣಗಳು ಮುಗಿದು ಕೃತಿಗಳು ಶುರುವಾಗಿದ್ದವು. ಆಮೇಲೆ ಮದುವೆ, ವೀಸಾ, ಮಗು ಅಂತ ಹನ್ನೊಂದು ವರ್ಷ ಬಿಟ್ಟೇಹೋಯಿತು. ಈ ಸಲ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆಗೆ ಹೋಗಿ ಬಂದೆ. ಅವತ್ತಿನಿಂದ ಬೆರಳು ಸುಮ್ಮನಿರುತ್ತಿಲ್ಲ. ನನ್ನ ಹಳೇ ಪಿಟೀಲು ಊರಲ್ಲಿ ತಂಗಿಯ ಮಗಳ ಕೈಯಲ್ಲಿದೆ. ಅವಳು ಚೆನ್ನಾಗಿ ನುಡಿಸುತ್ತಾಳೆ, ವಾಪಸ್ ಕೇಳುವ ಮನಸ್ಸಿಲ್ಲ.

ಮನೆ ಹತ್ತಿರ ಒಂದು ಪಾನ್ ಶಾಪ್, ಅಂದರೆ ಗಿರವಿ ಅಂಗಡಿ, ಇದೆ. ನಮ್ಮೂರಲ್ಲಿ ಗಿರವಿ ಅಂಗಡಿ ಅಂದರೆ ಬಳೆ, ಸರ, ಓಲೆ ಅಷ್ಟೇ ಅಲ್ವಾ? ಇಲ್ಲಿ ಗೋಡೆ ತುಂಬ ಗಿಟಾರ್. ಮೂಲೆಯಲ್ಲಿ ಎರಡು ಪಿಟೀಲು ಕಂಡವು. ಒಂದು ಕೆಂಪಗೆ ಹೊಳೆಯುತ್ತಿದೆ, ನಾಲ್ಕೂ ತಂತಿ ಇವೆ, 140 ಡಾಲರ್. ಇನ್ನೊಂದು ಕಂದು ಬಣ್ಣದ್ದು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಬಿದ್ದಿದೆ, ಎರಡೇ ತಂತಿ, ಅಲ್ಲಾಡಿಸಿದರೆ ಒಳಗೆ ಏನೋ ಕಡ್ಡಿ ಉರುಳುತ್ತೆ. ಅದಕ್ಕೆ 180 ಹೇಳುತ್ತಾರೆ! ಒಳಗಿನ ಚೀಟಿಯಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯಸ್‌ನ ಹೆಸರಿದೆಯಂತೆ, ಅದಕ್ಕೇ ಜಾಸ್ತಿ ಅಂದರು.

ಯಾವುದನ್ನು ತೆಗೆದುಕೊಳ್ಳಲಿ? ಅಥವಾ ಎರಡನ್ನೂ ಬಿಡಲಾ? ಒಟ್ಟು ನಾನೂರು ಡಾಲರ್ ಒಳಗೆ ಮುಗಿಯಬೇಕು.

ಅಟ್ಲಾಂಟಾ_ಪ್ರಸಾದ್

ನನ್ನ ಸಲಹೆ ಬೇರೆ. ಊರಿಗೆ ಹೋದಾಗ ಅಲ್ಲೇ ಒಂದು ಕೊಂಡು ಕೈಯಲ್ಲೇ ತನ್ನಿ. ಜಾಗ ಇದ್ದರೆ ಪಿಟೀಲಿನಂಥ ಸಣ್ಣ ವಾದ್ಯವನ್ನು ಕ್ಯಾಬಿನ್ನಿನಲ್ಲಿ ಇಡಲು ಬಿಡಬೇಕು ಅಂತ ಅಮೆರಿಕದ ವಿಮಾನ ಕಂಪನಿಗಳಿಗೆ ಇಲ್ಲಿನ ಸರ್ಕಾರದ ನಿಯಮವೇ ಇದೆ. 2015ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಮೊದಲೇ ಹತ್ತಿದರೆ ಮೇಲಿನ ಗೂಡಿನಲ್ಲಿ ಜಾಗ ಸಿಗುತ್ತದೆ. ನಾನು ಎರಡು ಸಲ ತಂದಿದ್ದೇನೆ. ಗಿರವಿ ಅಂಗಡಿಯ ಸಾಮಾನಿಗೆ ಯಾರ ಭರವಸೆಯೂ ಇರುವುದಿಲ್ಲ.

ಹಳೇಕಮಾನು

ಸುಮಾ ಅವರೇ, ಕೆಂಪು ಪಿಟೀಲು ಬಿಡಿ. ಕಂದು ಪಿಟೀಲನ್ನು ಇನ್ನೊಮ್ಮೆ ನೋಡಿ ಬನ್ನಿ. ಆದಷ್ಟು ಬೇಗ.

ನಾನು 2009ರಿಂದ ಒಹಾಯೊ, ಇಂಡಿಯಾನಾ, ಕೆಂಟಕಿಯ ಗಿರವಿ ಅಂಗಡಿಗಳನ್ನು ಸುತ್ತುತ್ತಿದ್ದೇನೆ. ಕೆಲಸದ ಮೇಲೆ ಊರೂರು ಓಡಾಡುವವನು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಅಂಗಡಿಗೆ ಹೊಕ್ಕು ಬರುತ್ತೇನೆ. ಇದುವರೆಗೆ ಹನ್ನೆರಡು ಪಿಟೀಲು ಕೊಂಡಿದ್ದೇನೆ. ಮೂರು ನನ್ನ ಹತ್ತಿರ ಇವೆ, ಉಳಿದವು ಇಲ್ಲಿ ಸಂಗೀತ ಕಲಿಯುವ ಮಕ್ಕಳ ಮನೆ ಸೇರಿವೆ.

ಈ ಅಂಗಡಿಯವರು ಬೆಲೆ ಹೇಗೆ ಕಟ್ಟುತ್ತಾರೆ ಅನ್ನುವುದು ಮೊದಲು ತಿಳಿದಿರಲಿ. ಯಾರೋ ಕಷ್ಟಕ್ಕೆ ವಾದ್ಯ ಅಡ ಇಟ್ಟಿರುತ್ತಾರೆ. ಮಾರಿದರೆ ಎಷ್ಟು ಬಂದೀತು ಅಂತ ಅಂದಾಜು ಮಾಡಿ, ಅದರಲ್ಲಿ ಒಂದು ಪಾಲನ್ನಷ್ಟೇ ಸಾಲ ಕೊಡುತ್ತಾರೆ. ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ವಾದ್ಯ ಗೋಡೆಗೆ ಬರುತ್ತದೆ. ಹಾಗಾಗಿ ಈಗ ಹೇಳುವ ಬೆಲೆಗೂ ಅವರು ಕೊಟ್ಟ ದುಡ್ಡಿಗೂ ನಡುವೆ ಜಾಗ ಇದ್ದೇ ಇರುತ್ತದೆ. ಗಿಟಾರ್ ವಿಷಯದಲ್ಲಿ ಅವರನ್ನು ಮೀರಿಸಲು ಆಗುವುದಿಲ್ಲ. ಸೀರಿಯಲ್ ನಂಬರ್ ನೋಡಿ, ಅದೇ ಮಾದರಿ ಎಷ್ಟಕ್ಕೆ ಹೋಗಿದೆ ಅಂತ ಫೋನಿನಲ್ಲಿ ತೆಗೆದು ತೋರಿಸುತ್ತಾರೆ. ಹಳೇ ಪಿಟೀಲಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಅದನ್ನು ಹೊಳಪು ನೋಡಿ ಅಳೆಯುತ್ತಾರೆ, ಇಲ್ಲವೇ ಒಳಗಿನ ಚೀಟಿ ನೋಡಿ ಅಳೆಯುತ್ತಾರೆ. ಎರಡೂ ತಪ್ಪು ಅಳತೆ. ನಮ್ಮಂಥವರಿಗೆ ಒಳ್ಳೆಯದು ಸಿಗುವುದು ಅಲ್ಲೇ.

ಆ ಚೀಟಿಯನ್ನು ನಂಬಬೇಡಿ, ಆದರೆ ಅದರ ಕಾರಣಕ್ಕೆ ಬಿಡಲೂ ಬೇಡಿ. ಸ್ಟ್ರಾಡಿವೇರಿ ಮಾದರಿಯಲ್ಲಿ ಮಾಡಿದ್ದು ಅನ್ನುವ ಅರ್ಥದಲ್ಲಿ ಆ ಹೆಸರಿನ ಚೀಟಿಯನ್ನು ಲಕ್ಷಗಟ್ಟಲೆ ಪಿಟೀಲುಗಳಿಗೆ ಅಂಟಿಸಿದ್ದಾರೆ. ಜರ್ಮನಿಯ ಮಾರ್ಕ್‌ನ್ಯೂಕಿರ್ಖೆನ್, ಮಿಟೆನ್‌ವಾಲ್ಡ್, ಫ್ರಾನ್ಸಿನ ಮಿರೆಕೂರ್, ಇಲ್ಲೆಲ್ಲ ಊರಿಗೆ ಊರೇ ಪಿಟೀಲು ಮಾಡುತ್ತಿತ್ತು. ನೂರು ವರ್ಷದ ಹಿಂದೆ ಸಿಯರ್ಸ್ ಕಂಪನಿಯ ಕ್ಯಾಟಲಾಗ್‌ನಲ್ಲಿ ಕೆಲವೇ ಡಾಲರ್‌ಗೆ ಇಂಥವು ಅಮೆರಿಕದ ಹಳ್ಳಿಹಳ್ಳಿಗೂ ಬಂದವು. ಚೀಟಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ದೇಶದ ಹೆಸರಿದೆಯಾ ನೋಡಿ. 1890ರ ಅಮೆರಿಕದ ಸುಂಕದ ಕಾಯ್ದೆಯಿಂದಾಗಿ ಹೊರಗಿನ ಸಾಮಾನಿನ ಮೇಲೆ ದೇಶದ ಹೆಸರು ಹಾಕುವುದು ಕಡ್ಡಾಯವಾಯಿತು. ದೇಶದ ಹೆಸರಿದ್ದರೆ ಆಮೇಲಿನದು ಅಂತ ತಿಳಿಯಿರಿ. ಶೆರ್ಲ್ ಅಂಡ್ ರಾತ್ ಅನ್ನುವ ಹೆಸರು ಕಂಡರೂ ಬಿಡಬೇಡಿ. ಅದು ನಿಮ್ಮ ಒಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲೇ ಶುರುವಾದ ಕಂಪನಿ. ವಿದ್ಯಾರ್ಥಿಗಳಿಗೆ ಅಂತ ತರಿಸುತ್ತಿದ್ದ ಅವರ ಪಿಟೀಲುಗಳು ಗಟ್ಟಿ, ಶಾಲೆಗಳಲ್ಲಿ ತಲೆಮಾರುಗಟ್ಟಲೆ ಬಾಳಿವೆ.

ಒಳಗೆ ಉರುಳುವ ಕಡ್ಡಿ ಸೌಂಡ್ ಪೋಸ್ಟ್, ಅಂದರೆ ಮೇಲಿನ ಹಲಗೆಗೂ ಹಿಂಬದಿಗೂ ನಡುವೆ ನಿಲ್ಲುವ ಆಸರೆ. ತಂತಿ ಸಡಿಲವಾಗಿ ಕುದುರೆ ಬಿದ್ದಾಗ ಅದೂ ಬೀಳುತ್ತದೆ. ಅಂಗಡಿಯವರ ಕಣ್ಣಿಗೆ ಅದು ಮುರಿದ ವಾದ್ಯ. ರಿಪೇರಿಯವರಿಗೆ ಕಾಲು ಗಂಟೆಯ ಕೆಲಸ. ಕಡ್ಡಿ ಒಳಗೇ ಇರುವುದು ಒಳ್ಳೆಯದೇ ಆಯಿತು.

ಈಗ ಅಂಗಡಿಯಲ್ಲಿ ಮಾಡಬೇಕಾದ್ದು. ಫೋನಿನ ಟಾರ್ಚ್ ಹಾಕಿ, ಹಿಂಬದಿಯನ್ನು ಓರೆಯಾಗಿ ಹಿಡಿದು ನೋಡಿ. ಕುದುರೆಯ ಬಲಗಾಲಿನ ನೇರಕ್ಕೆ, ಅಂದರೆ ಎಲ್ಲಕ್ಕಿಂತ ತೆಳುವಾದ ಮೇಲಿನ ಪಂಚಮದ ತಂತಿಯ ಕಡೆ, ಮರದ ಗೆರೆಯ ಉದ್ದಕ್ಕೆ ಕೂದಲೆಳೆಯಂಥ ಬಿರುಕು ಇದೆಯಾ? ಇದ್ದರೆ ಕೆಳಗಿಟ್ಟು ಬನ್ನಿ. ಐವತ್ತಕ್ಕೆ ಕೊಟ್ಟರೂ ಬೇಡ. ಸೌಂಡ್ ಪೋಸ್ಟ್ ಒತ್ತುವುದು ಅಲ್ಲೇ, ಆ ಬಿರುಕು ಸರಿಮಾಡಲು ಪಿಟೀಲನ್ನೇ ಬಿಚ್ಚಬೇಕು. ನಾನು ಶುರುಮಾಡಿದ ವರ್ಷವೇ ಇದನ್ನು ನೋಡದೆ 85 ಡಾಲರ್‌ಗೆ ಒಂದು ಕೊಂಡೆ. ಬಿರುಕಿನ ಮೇಲೆ ಯಾರೋ ವಾರ್ನಿಷ್ ಬಳಿದಿದ್ದರು. ರಿಪೇರಿಗೆ 600 ಆಗುತ್ತದೆ ಅಂದರು. ಅದು ಇವತ್ತಿಗೂ ನನ್ನ ಬೀರುವಿನ ಮೇಲಿದೆ. ಅದನ್ನು ನೋಡಿದಾಗೆಲ್ಲ ಬೇಜಾರಾಗುತ್ತದೆ, ಅಷ್ಟು ಒಳ್ಳೇ ಮರ.

ಆಮೇಲೆ ಬೆರಳಿನ ಗೆಣ್ಣಿನಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬನ್ನಿ. ಬಿಗಿಯಾಗಿರುವ ಕಡೆ ಟಕ್ ಟಕ್ ಅನ್ನುತ್ತದೆ. ಬಿಟ್ಟಿರುವ ಕಡೆ ಸದ್ದು ಒಡೆದು ಜರ್ ಅನ್ನುತ್ತದೆ. ಅಂಚು ಬಿಟ್ಟಿದ್ದರೆ ಹೆದರಬೇಡಿ. ಚರ್ಮದಿಂದ ಕಾಯಿಸಿದ ಗೋಂದಿನಲ್ಲಿ ಅಂಟಿಸಿರುತ್ತಾರೆ. ಮರ ಹಿಗ್ಗಿ ಕುಗ್ಗಿದಾಗ ಹಲಗೆ ಸೀಳುವ ಬದಲು ಅಂಟು ಬಿಡಲಿ ಅಂತಲೇ ಹಾಗೆ ಮಾಡುವುದು. ಮತ್ತೆ ಅಂಟಿಸಲು ಹೆಚ್ಚು ಖರ್ಚಿಲ್ಲ. ಆದರೆ ಅಂಚಿನಲ್ಲಿ ಗಾಜಿನಂತೆ ಹೊಳೆಯುವ ಸೂಪರ್ ಗ್ಲೂ ಕಂಡರೆ ಬೇಡ. ಮುಂದೆ ಯಾರೂ ಅದನ್ನು ಚೆನ್ನಾಗಿ ಬಿಚ್ಚಲಾರರು.

ಫಿಂಗರ್ ಬೋರ್ಡಿನ, ಅಂದರೆ ತಂತಿಯ ಕೆಳಗೆ ಬೆರಳೊತ್ತುವ ಪಟ್ಟಿಯ, ಪಕ್ಕದ ಅಂಚು ನೋಡಿ. ಕರಿಮರವಾದರೆ ಒಳಗೂ ಕಪ್ಪೇ ಇರುತ್ತದೆ. ಬಣ್ಣ ಬಳಿದಿದ್ದರೆ ಬೆರಳು ಉಜ್ಜಿದ ಕಡೆ ಬಿಳಿಚಿಕೊಂಡಿರುತ್ತದೆ. ನಮ್ಮ ಗಮಕಕ್ಕೆ ಬೆರಳು ಇಡೀ ದಿನ ಅದರ ಮೇಲೇ ಜಾರಬೇಕು ಅಲ್ವಾ, ಮೆದು ಮರ ಬೇಗ ತಗ್ಗು ಬೀಳುತ್ತದೆ. ಹಲಗೆಯ ಸುತ್ತ ಓಡುವ ಜೋಡಿ ಗೆರೆ ಕೊರೆದು ಕೂರಿಸಿದ್ದೋ ಮಸಿಯಲ್ಲಿ ಎಳೆದದ್ದೋ ಅಂತ ಉಗುರಿನಿಂದ ಮುಟ್ಟಿದರೇ ಗೊತ್ತಾಗುತ್ತದೆ. ಕೆಂಪು ಪಿಟೀಲಿನಲ್ಲಿ ಈ ಎರಡನ್ನೂ ನೋಡಿ. ಬಹುಶಃ ಬಣ್ಣ ಬಳಿದ ಬೋರ್ಡು, ಮಸಿಯ ಗೆರೆ ಇರುತ್ತದೆ.

ಇನ್ನೊಂದು. ಪೆಟ್ಟಿಗೆಯ ಮೇಲೆ ಅಥವಾ ಪಿಟೀಲಿನ ಹಿಂದೆ ಶಾಲೆಯ ಹೆಸರು, ನಂಬರ್ ಅಚ್ಚು ಹಾಕಿದ್ದರೆ ಕೊಳ್ಳಲೇಬೇಡಿ. ಅದು ಯಾವುದೋ ಮಗುವಿನ ಕೈಯಿಂದ ತಪ್ಪಿಸಿಕೊಂಡು ಬಂದದ್ದು ಇರಬಹುದು. ಅಂಗಡಿಯವರಿಗೆ ಹೇಳಿ, ಶಾಲೆಗೆ ಫೋನ್ ಮಾಡಿಸಿ.

ಚೌಕಾಸಿಗೆ ಮುಂಚೆ ರಿಪೇರಿಯ ಲೆಕ್ಕ ಹಾಕಿ. ನಮ್ಮ ಕಡೆ ನಾನು ಕೊಟ್ಟದ್ದು: ಸೌಂಡ್ ಪೋಸ್ಟ್ ನಿಲ್ಲಿಸಲು 40, ಹೊಸ ಕುದುರೆ ಕೆತ್ತಿ ಕೂರಿಸಲು 90, ತಂತಿ 70, ಕಮಾನಿಗೆ ಕೂದಲು ಹಾಕಿಸಲು 70. ಎಲ್ಲ ಸೇರಿ 270. ನಿಮ್ಮ ನಾನೂರರಲ್ಲಿ ಪಿಟೀಲಿಗೆ ಉಳಿಯುವುದು 130. ಈ ಲೆಕ್ಕವನ್ನೇ ಅವರ ಮುಂದೆ ಇಡಿ. ಕುದುರೆ ಇಲ್ಲ, ತಂತಿ ಇಲ್ಲ, ಇಷ್ಟು ಖರ್ಚಿದೆ, ನೂರು ಕೊಡುತ್ತೇನೆ ಅನ್ನಿ. ನಗದು ಕೈಯಲ್ಲಿರಲಿ. ಸಾಮಾನನ್ನು ಹೀಗಳೆಯಬೇಡಿ, ಇದ್ದದ್ದನ್ನು ಹೇಳಿದರೆ ಸಾಕು. ನನಗೆ ಅವರು ಯಾವತ್ತೂ ಒರಟಾಗಿ ಮಾತಾಡಿಲ್ಲ.

ಒಂದು ವಿಷಯ ಹೇಳಬೇಕು ಅನಿಸುತ್ತಿದೆ. ಇಂಡಿಯಾನಾದ ಒಂದು ಸಣ್ಣ ಊರಿನಲ್ಲಿ ಕೊಂಡ ಪಿಟೀಲಿನ ಪೆಟ್ಟಿಗೆಯಲ್ಲಿ ಪ್ರಾರ್ಥನೆಯ ಹಾಡಿನ ಒಂದು ಹಾಳೆ ಮಡಚಿಟ್ಟಿತ್ತು. ಪ್ರತಿ ಸ್ವರದ ಮೇಲೂ ಪೆನ್ಸಿಲ್‌ನಲ್ಲಿ ಬೆರಳಿನ ನಂಬರ್. ಪಕ್ಕದಲ್ಲಿ ರಾಳದ ಬಿಲ್ಲೆ. ಒಂದೇ ಜಾಗದಲ್ಲಿ ಕಮಾನು ಎಳೆದೂ ಎಳೆದೂ ನಡುವೆ ಕಾಲುವೆಯಂತೆ ಸವೆದಿತ್ತು. ಅದರ ಒಡತಿ ಮೂರು ತಿಂಗಳು ಬಡ್ಡಿ ಕಟ್ಟಿದರು, ಆಮೇಲೆ ಬರಲಿಲ್ಲ ಅಂತ ಅಂಗಡಿಯವರು ಹೇಳಿದರು. ನನ್ನ ನಂಬರ್ ಕೊಟ್ಟು, ಅವರು ಬಂದರೆ ಕೊಟ್ಟ ಬೆಲೆಗೇ ವಾಪಸ್ ಕೊಡುತ್ತೇನೆ ಅಂದೆ. ಒಂದು ವರ್ಷ ಅದನ್ನು ಯಾರಿಗೂ ಕೊಡಲಿಲ್ಲ. ಫೋನ್ ಬರಲಿಲ್ಲ. ಈಗ ಒಬ್ಬ ಹುಡುಗಿ ಅದರಲ್ಲಿ ಸರಳೆ, ಜಂಟಿ ಮುಗಿಸಿ ಅಲಂಕಾರ ನುಡಿಸುತ್ತಿದ್ದಾಳೆ. ಆ ಹಾಳೆ ಪೆಟ್ಟಿಗೆಯಲ್ಲೇ ಇದೆ, ತೆಗೆಯಬೇಡ ಅಂದಿದ್ದೇನೆ.

ಪ್ರಸಾದ್ ಅವರು ಹೇಳಿದ್ದೂ ಸರಿಯೇ. ಆದರೆ ಸುಮಾ ಅವರ ಬೆರಳು ಈಗಲೇ ತುಡಿಯುತ್ತಿದೆ. ಊರಿಗೆ ಹೋಗುವವರೆಗೆ ಯಾಕೆ ಕಾಯಬೇಕು?

ಡೆಟ್ರಾಯಿಟ್_ಹುಡುಗಿ

ಅಕ್ಕಾ, ಪೆಟ್ಟಿಗೆ ತೆಗೆದ ತಕ್ಷಣ ಕಮಾನು ನೋಡಿ. ಕೂದಲು ಒಂದೇ ಕಡೆ ಕತ್ತರಿಸಿದ ಹಾಗೆ ಉದುರಿದ್ದರೆ ಅದು ಹುಳದ ಕೆಲಸ. ಮುಚ್ಚಿಟ್ಟ ಕತ್ತಲೆಯ ಪೆಟ್ಟಿಗೆಯಲ್ಲಿ ಒಂದು ಜಾತಿಯ ಸಣ್ಣ ಹುಳ ಕುದುರೆಕೂದಲು ತಿನ್ನುತ್ತದೆ. ನನಗೆ ಹಾಗೇ ಆಗಿತ್ತು. ಗೊತ್ತಾಗದೆ ಹೊಸ ಕೂದಲು ಹಾಕಿಸಿ ಅದೇ ಪೆಟ್ಟಿಗೆಯಲ್ಲಿಟ್ಟೆ. ಎರಡೇ ತಿಂಗಳಲ್ಲಿ ಅದೂ ಹೋಯಿತು. ಮೊದಲು ಪೆಟ್ಟಿಗೆಯ ಮೂಲೆಮೂಲೆಗೂ ವ್ಯಾಕ್ಯೂಮ್ ಹಾಕಿ, ಬಿಸಿಲಿಗೆ ತೆರೆದಿಡಿ. ಪಿಟೀಲನ್ನು ಮಾತ್ರ ಬಿಸಿಲಿಗೆ ಇಡಬೇಡಿ.

ಸುಮಾ_ಕೊಲಂಬಸ್

ಹಳೇಕಮಾನು ಸರ್, ಶನಿವಾರ ಹೋಗಿದ್ದೆ. ಕಂದು ಪಿಟೀಲು ಮನೆಗೆ ಬಂತು!

ಕೆಂಪು ಪಿಟೀಲಿನ ಗೆರೆ ಉಗುರಿಗೆ ಸಿಗಲೇ ಇಲ್ಲ, ನೀವು ಹೇಳಿದ ಹಾಗೆ ಮಸಿ. ಕಂದು ಪಿಟೀಲಿನ ಹಿಂಬದಿಯನ್ನು ಐದು ನಿಮಿಷ ಟಾರ್ಚ್ ಹಿಡಿದು ನೋಡಿದೆ. ಬಿರುಕಿಲ್ಲ. ತಟ್ಟಿದಾಗ ಕೆಳಗಿನ ಎಡಮೂಲೆಯಲ್ಲಿ ಮಾತ್ರ ಜರ್ ಅಂತು. ಚೀಟಿಯ ತಳದಲ್ಲಿ ಜೆಕೊಸ್ಲೊವಾಕಿಯಾ ಅಂತಿತ್ತು. ಲೆಕ್ಕ ಬರೆದ ಕಾಗದವನ್ನೇ ಕೌಂಟರ್ ಮೇಲೆ ಇಟ್ಟೆ. ಅವರು ಓದಿ, ಒಳಗೆ ಹೋಗಿ ಕೇಳಿಕೊಂಡು ಬಂದು 110 ಅಂದರು. ಕೊಟ್ಟೆ.

ರಿಪೇರಿಯವರು ಅಂಚು ಅಂಟಿಸಿ, ಪೋಸ್ಟ್ ನಿಲ್ಲಿಸಿ, ಕುದುರೆ ಕೆತ್ತಿ, ತಂತಿ ಹಾಕಿ 215 ತೆಗೆದುಕೊಂಡರು. ಕಮಾನಿನ ಕೂದಲು ಡೆಟ್ರಾಯಿಟ್ ತಂಗಿ ಇಲ್ಲಿ ಹೇಳಿದ ಹಾಗೇ ಹುಳ ತಿಂದಿತ್ತು. ಸದ್ಯಕ್ಕೆ ಒಬ್ಬ ಗೆಳತಿಯ ಕಮಾನು ಇಟ್ಟುಕೊಂಡಿದ್ದೇನೆ. ಪೆಟ್ಟಿಗೆ ಬಾಲ್ಕನಿಯಲ್ಲಿ ಬಾಯಿ ತೆರೆದು ಬಿದ್ದಿದೆ.

ನಿನ್ನೆ ರಾತ್ರಿ ಮಗು ಮಲಗಿದ ಮೇಲೆ ನೆಲದಲ್ಲಿ ಕೂತು, ಪಿಟೀಲಿನ ತುದಿಯ ಸುರುಳಿಯನ್ನು ಪಾದದ ಮೇಲೆ ಊರಿ, ಮಾಯಾಮಾಳವಗೌಳ ಎಳೆದೆ. ಬೆರಳಿಗೆ ಜಾಗ ಮರೆತಿಲ್ಲ. ಮಂದ್ರದಲ್ಲಿ ನಾದ ಎದೆಗೆ ತಾಗುತ್ತದೆ. ನನ್ನ ಮೊದಲಿನ ಪಿಟೀಲಿಗಿಂತ ತುಂಬಾ ಗಂಭೀರ.

ಒಂದೇ ತೊಂದರೆ. ನಮ್ಮ ಸ ಪ ಸ ಪ ಶ್ರುತಿಗೆ ಇಳಿಸಿದ ಮೇಲೆ ಮೇಲಿನ ಪಂಚಮದ ತಂತಿ ಬಿಗಿಯುವ ಬಿರಡೆ ನಿಲ್ಲುತ್ತಿಲ್ಲ. ಹತ್ತು ನಿಮಿಷಕ್ಕೆ ಜಾರುತ್ತೆ. ಸೀಮೆಸುಣ್ಣ ಹಚ್ಚಲಾ?

ಹಳೇಕಮಾನು

ಓದಿ ತುಂಬಾ ಸಂತೋಷವಾಯಿತು. ಜೆಕೊಸ್ಲೊವಾಕಿಯಾ ಅಂತಿದ್ದರೆ 1918ರ ನಂತರದ್ದು. ಮಾರ್ಕ್‌ನ್ಯೂಕಿರ್ಖೆನ್‌ನಿಂದ ಗಡಿ ದಾಟಿದರೆ ಲೂಬಿ ಅಂತ ಊರು ಸಿಗುತ್ತದೆ. ಅಲ್ಲೂ ಮನೆಮನೆಯಲ್ಲಿ ಇದೇ ಕೆಲಸ. ನಿಮ್ಮದು ಆ ಕಡೆಯದೇ ಇರಬಹುದು.

ಸೀಮೆಸುಣ್ಣ ಈಗಲೇ ಬೇಡ. ಮೊದಲು ತಂತಿ ಸುತ್ತಿದ ರೀತಿ ನೋಡಿ. ಕೊನೆಯ ಸುತ್ತುಗಳು ಬಿರಡೆಯ ಹಿಡಿಯ ಕಡೆ, ಬಿರಡೆ ಕೂರುವ ಗೂಡಿನ ಗೋಡೆಗೆ ಒತ್ತಿಕೊಂಡಂತೆ ಬರಬೇಕು. ನಡುವೆ ಸುತ್ತಿದ್ದರೆ ಬಿರಡೆ ಹೊರಗೆ ತಳ್ಳಿಕೊಳ್ಳುತ್ತದೆ. ತಂತಿ ಪೂರ್ತಿ ಸಡಿಲಿಸಿ ಮತ್ತೆ ಸುತ್ತಿ. ತಿರುಗಿಸುವಾಗ ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಿ. ಒಂದೊಂದೇ ತಂತಿ ಸಡಿಲಿಸಿ, ಎಲ್ಲ ಒಟ್ಟಿಗೆ ಬಿಚ್ಚಿದರೆ ಒಳಗಿನ ಸೌಂಡ್ ಪೋಸ್ಟ್ ಮತ್ತೆ ಬೀಳುತ್ತದೆ. ಆಮೇಲೂ ಜಾರಿದರೆ ಬಿರಡೆಗೆ ಅಂತಲೇ ಬರುವ ಪೇಸ್ಟ್ ಸಿಗುತ್ತದೆ, ಲಿಪ್‌ಸ್ಟಿಕ್ ಥರ ಇರುತ್ತದೆ, ತೆಳ್ಳಗೆ ಹಚ್ಚಿ.

ಚಳಿಗಾಲ ಬರುವುದರೊಳಗೆ ಪೆಟ್ಟಿಗೆಯಲ್ಲಿ ತೇವ ಇಡುವ ಒಂದು ಸಣ್ಣ ಕೊಳವೆ ತಂದಿಡಿ. ಹೀಟರ್ ಹಾಕಿದ ಮನೆಯಲ್ಲಿ ಮರ ಒಣಗಿ ನಾಲ್ಕೂ ಬಿರಡೆ ಒಂದೇ ರಾತ್ರಿಯಲ್ಲಿ ಬಿಟ್ಟುಕೊಳ್ಳುತ್ತವೆ. ಕಮಾನಿನ ಕಡ್ಡಿಯ ಫೋಟೋ ಹಾಕಿ, ತಲೆಯ ಹತ್ತಿರ ಸೀಳಿಲ್ಲದಿದ್ದರೆ ಅದಕ್ಕೇ ಕೂದಲು ಹಾಕಿಸಬಹುದು.